ಶಿರಾಳಕೊಪ್ಪಕ್ಕೆ ವಿಮಾನ ಇಳಿಸಿದ್ದು

ವಿಮಾನ ಇಳಿಸುವುದು ಅಂಥಾ ಕಷ್ಟದ ಕೆಲಸವೇನಲ್ಲ ಎಂದು ನಾನು ವರ್ತಕರ ಸಂಘದ ಸಭೆಯಲ್ಲಿ ಎದ್ದು ನಿಂತು ಹೇಳಿದೆ. ಅದುವರೆಗೆ ನಾನು ವಿಮಾನ ನೋಡಿದ್ದು ತಲೆ ಎತ್ತಿ, ಅದೂ ಹದ್ದಿನ ಗಾತ್ರದಲ್ಲಿ. ಆದರೆ ಬಟ್ಟೆ ವ್ಯಾಪಾರ ಮಾಡುವವನಿಗೆ ಧೈರ್ಯಕ್ಕೇನೂ ಕೊರತೆ ಇರುವುದಿಲ್ಲ. ಮೂಟೆ ಬಿಚ್ಚುವ ಮೊದಲೇ "ಬಣ್ಣ ಹೋಗಲ್ಲ, ನಾನಿದೀನಿ" ಎಂದು ಗಿರಾಕಿಗೆ ಭರವಸೆ ಕೊಡಬಲ್ಲವನಿಗೆ ವಿಮಾನ ಯಾವ ಲೆಕ್ಕ?

ನನ್ನ ಹೆಸರು ಚನ್ನಬಸಪ್ಪ. ಶಿರಾಳಕೊಪ್ಪದ ಪೇಟೆಯಲ್ಲಿ ನಮ್ಮದು ಜವಳಿ ಅಂಗಡಿ. ಐವತ್ತರ ದಶಕ ಮುಗಿಯುತ್ತಾ ಬಂದಿದ್ದ ಆ ಕಾಲದಲ್ಲಿ ಶಿಕಾರಿಪುರ ಮತ್ತು ಸೊರಬ ಎರಡೂ ತಾಲ್ಲೂಕುಗಳಿಗೆ ಸೇರಿ ಒಂದು ವರ್ತಕರ ಸಂಘ ಇತ್ತು. ನಾನು ಅದರ ಕಾರ್ಯದರ್ಶಿ. ಸಂಘದ ಕಾರ್ಯಕಲಾಪಗಳು ಬಹಳ ಗಂಭೀರವಾದವು. ಹಿರಿಯ ವರ್ತಕರು ಯಾರಾದರೂ ತೀರಿಕೊಂಡರೆ ಎದ್ದು ನಿಂತು ಸಂತಾಪ ಸೂಚಿಸುತ್ತಿದ್ದೆವು. ಮಾರಾಟ ತೆರಿಗೆಯನ್ನು ಕೂತುಕೊಂಡೇ ಖಂಡಿಸುತ್ತಿದ್ದೆವು. ಆಮೇಲೆ ಉಪ್ಪಿಟ್ಟು.

ಹೀಗಿದ್ದ ಸಂಘದ ತಲೆಯ ಮೇಲೆ ವಿಮಾನ ಬಂದದ್ದು ನಮ್ಮ ಅಧ್ಯಕ್ಷರಾದ ಮಲ್ಲೇಶಪ್ಪನವರಿಂದ. ಶಿಕಾರಿಪುರದಲ್ಲಿ ಅವರದು ಅಕ್ಕಿ ಗಿರಣಿ. ಒಂದು ಸಭೆಯಲ್ಲಿ ಅವರು ಉಪ್ಪಿಟ್ಟಿಗೆ ಮುಂಚೆಯೇ ಒಂದು ಸುದ್ದಿ ಹೇಳಿದರು. ಬೆಂಗಳೂರಿನ ಕಡೆಯ ಒಬ್ಬ ದೊಡ್ಡ ಸಾಹುಕಾರರು ತೌಡಿನಿಂದ ಎಣ್ಣೆ ತೆಗೆಯುವ ಕಾರ್ಖಾನೆ ಹಾಕಲು ಊರು ಹುಡುಕುತ್ತಿದ್ದಾರೆ. ನಮ್ಮ ಎರಡೂ ತಾಲ್ಲೂಕಿನ ಗಿರಣಿಗಳ ತೌಡು ಅಲ್ಲಿಯವರೆಗೆ ಎಮ್ಮೆಗಳ ಹೊಟ್ಟೆಗೆ ಹೋಗುತ್ತಿತ್ತು. ಕಾರ್ಖಾನೆ ಇಲ್ಲಿಗೆ ಬಂದರೆ ಗಿರಣಿಯವರಿಗೆ ಅನುಕೂಲ, ಊರ ಹುಡುಗರಿಗೆ ಕೆಲಸ, ಸಂಬಳ ಬಂದ ಹುಡುಗರು ಬಟ್ಟೆ ಕೊಳ್ಳುವುದರಿಂದ ನನಗೂ ಅನುಕೂಲ. ಒಂದೇ ತೊಡಕು. ಸಾಹುಕಾರರಿಗೆ ಬಸ್ಸಿನ ಪ್ರಯಾಣ ಆಗದು, ಕಾರಿನಲ್ಲಿ ನಡು ನೋವು. ಅವರು ತಮ್ಮ ವ್ಯವಹಾರಕ್ಕೆಂದೇ ಇಬ್ಬರು ಕೂರುವ ಒಂದು ಪುಟ್ಟ ವಿಮಾನ ಇಟ್ಟುಕೊಂಡಿದ್ದಾರೆ. ಎಲ್ಲಿ ಇಳಿಯಲು ಜಾಗ ಇದೆಯೋ ಆ ಊರನ್ನು ಮಾತ್ರ ನೋಡುತ್ತಾರೆ.

"ಜಾಗ ಮಾಡಿಕೊಡೋದು ಸಂಘದ ಕೆಲಸ ಹೌದೋ ಅಲ್ಲೋ, ನೀವೇ ಹೇಳ್ರೀ" ಎಂದರು ಮಲ್ಲೇಶಪ್ಪನವರು.

ಯಾರೂ ಹೇಳಲಿಲ್ಲ. ಆಗಲೇ ನಾನು ಎದ್ದು ನಿಂತು ಮೇಲಿನ ಮಾತು ಆಡಿದ್ದು. ಕೂಡಲೇ "ವಿಮಾನ ಉಪಸಮಿತಿ" ಎಂಬುದು ಸ್ಥಾಪನೆಯಾಗಿ, ನಾನು ಅದರ ಸಂಚಾಲಕನಾಗಿ ಸರ್ವಾನುಮತದಿಂದ ಆರಿಸಿಬಂದೆ. ಉಪಸಮಿತಿಯ ಉಳಿದ ಸದಸ್ಯ ಒಬ್ಬರೇ: ಕುಪ್ಪಗಡ್ಡೆಯ ಭತ್ತದ ವ್ಯಾಪಾರಿ ತಿಮ್ಮಪ್ಪ ನಾಯ್ಕರು. ಅವರನ್ನು ಸೇರಿಸಿದ್ದು ವಿಮಾನದ ಮೇಲಿನ ಅವರ ಆಸಕ್ತಿಯಿಂದ ಅಲ್ಲ, ಸೊರಬದವರು ಒಬ್ಬರಾದರೂ ಇರದಿದ್ದರೆ ಸಂಘ ಒಡೆಯುತ್ತಿತ್ತು.

ಒಡೆಯುವ ಸಂದರ್ಭ ಮಾರನೆಯ ದಿನವೇ ಬಂತು. ವಿಮಾನ ಯಾವ ತಾಲ್ಲೂಕಿನಲ್ಲಿ ಇಳಿಯಬೇಕು? ನಾಯ್ಕರು ಸೊರಬ ಎಂದರು. ಮಲ್ಲೇಶಪ್ಪನವರು ಶಿಕಾರಿಪುರ ಎಂದರು. ನಾನು ಊರೂರು ಸುತ್ತಿ, ಶಾನುಭೋಗರನ್ನು ಕಾಡಿಸಿ, ಎರಡೂ ತಾಲ್ಲೂಕಿನ ಗಡಿ ನಡುವೆ ಹಾದುಹೋಗುವ ಒಂದು ಖರಾಬು ಬಯಲನ್ನು ಪತ್ತೆ ಮಾಡಿದೆ. ದನ ಮೇಯುವ ಜಾಗ, ಉದ್ದವಾಗಿ, ಸಮವಾಗಿ, ಗಟ್ಟಿ ನೆಲ. ವಿಮಾನದ ಚಕ್ರ ಸೊರಬದಲ್ಲಿ ನೆಲ ಮುಟ್ಟಿ, ಓಡಿ ಬಂದು, ಶಿಕಾರಿಪುರದಲ್ಲಿ ನಿಲ್ಲುತ್ತದೆ ಎಂದು ಇಬ್ಬರಿಗೂ ವಿವರಿಸಿದೆ. ಮುಟ್ಟಿದ್ದೇ ಲೆಕ್ಕ ಎಂದು ನಾಯ್ಕರು ಒಪ್ಪಿದರು. ನಿಂತದ್ದೇ ಲೆಕ್ಕ ಎಂದು ಮಲ್ಲೇಶಪ್ಪನವರು ಒಪ್ಪಿದರು. ಇಂಥ ರಾಜತಾಂತ್ರಿಕ ಪ್ರತಿಭೆ ಜವಳಿ ಅಂಗಡಿಯಲ್ಲಿ ಕೊಳೆಯುತ್ತಿದೆಯಲ್ಲ ಎಂದು ನನಗೆ ನನ್ನ ಮೇಲೇ ಮರುಕ ಬಂತು.

ಆ ವರ್ಷಗಳಲ್ಲಿ ಎಲ್ಲೆಲ್ಲೂ ಶ್ರಮದಾನದ ಹುಮ್ಮಸ್ಸು. ನಾವೂ ಶ್ರಮದಾನವೆಂದೇ ಸಾರಿದೆವು. ತಕ್ಕಡಿ ಬಿಟ್ಟು ಬೇರೇನನ್ನೂ ಎತ್ತದ ವರ್ತಕರು ಗುದ್ದಲಿ ಹಿಡಿದು ಬಂದರು. ಮುಳ್ಳುಗಿಡ ಕಡಿದೆವು, ಕಲ್ಲು ಆಯ್ದೆವು, ಗುಂಡಿ ಮುಚ್ಚಿದೆವು. ಬಯಲಿನ ನಡುವೆ ಒಂದು ಹುತ್ತ ಇತ್ತು, ಅದನ್ನು ಮುಟ್ಟಲು ಯಾರೂ ಒಪ್ಪಲಿಲ್ಲ. ಕೊನೆಗೆ ವಿಮಾನದ ದಾರಿಯನ್ನೇ ಪಕ್ಕಕ್ಕೆ ಸರಿಸಿದೆವು. ನಾಗಪ್ಪನಿಗೆ ಕಷ್ಟ ಕೊಡುವುದಕ್ಕಿಂತ ಪೈಲಟ್ಟಿಗೆ ಕೊಡುವುದು ಲೇಸು ಎಂದು ಎಲ್ಲರ ಅಭಿಪ್ರಾಯ.

ನೆಲವೇನೋ ಸಿದ್ಧವಾಯಿತು. ಇನ್ನು ಪೈಲಟ್ಟಿನ ಹತ್ತಿರ ಮಾತಾಡಬೇಕು. ಅಂಚೆ ಕಚೇರಿಗೆ ಹೋಗಿ ಟ್ರಂಕ್ ಕಾಲ್ ಹಾಕಿಸಿ, ಕಾದು ಕಾದು, ಮಧ್ಯಾಹ್ನದ ಊಟವನ್ನೂ ಬಿಟ್ಟು ಕೂತೆ. ಕಡೆಗೂ ತಂತಿಯ ಆ ತುದಿಯಲ್ಲಿ ಒಂದು ದನಿ ಬಂತು. ರಾವ್ ಎಂದು ಹೆಸರು, ಕನ್ನಡದವರೇ. ಜೋಳ ಹುರಿಯುವ ಬಾಣಲೆಯೊಳಗೆ ಕೂತು ಮಾತಾಡಿದ ಹಾಗೆ ಕೇಳಿಸುತ್ತಿತ್ತು. ಕಂಬ ನೆಟ್ಟು ಗಾಳಿ ಯಾವ ಕಡೆ ಬೀಸುತ್ತದೆಂದು ತೋರಿಸುವ ಬಟ್ಟೆಯ ಚೀಲ ಕಟ್ಟಿ, ಎರಡೂ ಕಡೆ ಬಾಯಿ ತೆರೆದಿರಲಿ ಎಂದರು. ಬಟ್ಟೆಯ ವಿಷಯ, ತಕ್ಷಣ ತಿಳಿಯಿತು. ಆಮೇಲೆ ಹೇಳಿದರು:

"ಇನ್ನೊಂದು ಮುಖ್ಯ. ದೊಡ್ಡದೊಂದು ಟೀ ಬೇಕು. ಬಿಳೀ ಟೀ. ಮೈದಾನದಲ್ಲೇ ಇರಲಿ, ನಾನು ಬರೋ ಹೊತ್ತಿಗೆ ರೆಡಿ ಇರಲಿ. ಟೀ ಇಲ್ಲದೆ ನಾನು ಇಳಿಯಲ್ಲ."

"ಟೀ ತಾನೇ? ಧಾರಾಳವಾಗಿ" ಎಂದು ನಾನು ಕೂಗಿದೆ. ಬಾಣಲೆ ಇನ್ನಷ್ಟು ಸಿಡಿದು ಲೈನು ಕಟ್ಟಾಯಿತು.

ಮನೆಗೆ ಬಂದು ನನ್ನ ಹೆಂಡತಿ ಗಿರಿಜೆಗೆ ಎಲ್ಲ ಹೇಳಿದೆ. ಪಾಪ, ಆಕಾಶದಲ್ಲಿ ಅಷ್ಟು ಹೊತ್ತು ಚಳಿಗಾಳಿ ಕುಡಿದು ಬರುವ ಮನುಷ್ಯ, ಟೀ ಕೇಳುವುದರಲ್ಲಿ ತಪ್ಪೇನು ಎಂದೆ. ಆಕೆ ಸ್ವಲ್ಪ ಹೊತ್ತು ಯೋಚನೆ ಮಾಡಿ, ಬಿಳೀ ಟೀ ಎಂದರೆ ಏನು ಎಂದು ಕೇಳಿದಳು. ಹಾಲು ಜಾಸ್ತಿ ಹಾಕಿದ್ದು ಎಂದು ತಿಳಿಸಿಕೊಟ್ಟೆ. ಬಸ್ ನಿಲ್ದಾಣದ ಹೋಟೆಲಿನವನಿಗೆ ಹಂಡೆ ತುಂಬ ಟೀ, ನೀರು ಸೋಕಿಸದ ಹಾಲಿನಲ್ಲಿ, ಬಯಲಿಗೇ ತಂದು ಒಲೆ ಹೂಡಬೇಕೆಂದು ಅಪ್ಪಣೆಯಾಯಿತು.

ಈಗ ನನ್ನ ಬುದ್ಧಿಗೆ ಒಂದು ಪ್ರಶ್ನೆ ಹೊಳೆಯಿತು. ಇಂಥ ಪ್ರಶ್ನೆ ಹೊಳೆಯದೇ ಹೋಗಿದ್ದರೆ ನಮ್ಮ ಎರಡು ತಾಲ್ಲೂಕಿನ ಚರಿತ್ರೆಯೇ ಬೇರೆಯಾಗುತ್ತಿತ್ತು. ಮೇಲಿನಿಂದ ನೋಡಿದರೆ ಎಲ್ಲ ಬಯಲೂ ಒಂದೇ ತರ. ಇಳಿಯಬೇಕಾದ್ದು ಇಲ್ಲೇ ಎಂದು ಪೈಲಟ್ಟಿಗೆ ಗೊತ್ತಾಗುವುದು ಹೇಗೆ? ಸರ್ವೆ ಕಲ್ಲಿನ ಮೇಲೆ, ನಕ್ಷೆಯ ಮೇಲೆ, "ಇದೇ ಜಾಗ" ಎಂದು ತೋರಿಸಲು ಎರಡು ಗೀಟು ಕತ್ತರಿಯ ಹಾಗೆ ಅಡ್ಡಡ್ಡ ಹಾಕಿರುತ್ತಾರಲ್ಲ, ಅದನ್ನೇ ನೆಲದ ಮೇಲೆ ದೊಡ್ಡದಾಗಿ ಹಾಕಿದರಾಯಿತು! ಯಾರೂ ಹೇಳಿಕೊಟ್ಟದ್ದಲ್ಲ, ಪೂರಾ ನನ್ನ ಸ್ವಂತ ಬುದ್ಧಿ.

ಅಂಗಡಿಯಿಂದ ಬಿಳೀ ಲಾಂಗ್‌ಕ್ಲಾತಿನ ಇಡೀ ಇಡೀ ಪೀಸುಗಳನ್ನು ಬಯಲಿಗೆ ಹೊರಿಸಿದೆ. ಮಣ್ಣಾದ ಬಟ್ಟೆ ಆಮೇಲೆ ಯಾರಿಗೆ ಮಾರುತ್ತೀರಿ ಎಂದು ಗಿರಿಜೆ ಕೇಳಿದಳು. ವಿಮಾನ ಇಳಿದ ಬಟ್ಟೆ ಎಂದರೆ ಜನ ಮುಗಿಬಿದ್ದು ಕೊಳ್ಳುತ್ತಾರೆ ಎಂದೆ. ಆಕೆ ಮತ್ತೇನೂ ಹೇಳಲಿಲ್ಲ. ಆಕೆ ಮತ್ತೇನೂ ಹೇಳದಿದ್ದಾಗ ನಾನು ಗೆದ್ದೆ ಎಂದುಕೊಳ್ಳುತ್ತಿದ್ದ ಕಾಲ ಅದು.

ಗೊತ್ತುಮಾಡಿದ್ದ ದಿನ ಬೆಳಿಗ್ಗೆ ಬಯಲು ನೋಡಬೇಕಿತ್ತು. ಕುಬಟೂರಿನಿಂದ ಗಾಡಿ ಕಟ್ಟಿಕೊಂಡು ಬಂದಿದ್ದರು, ಶಿಕಾರಿಪುರದಿಂದ ಬಸ್ಸಿನ ಮೇಲೆಲ್ಲ ಕೂತು ಬಂದಿದ್ದರು. ವಾಲಗದವರು ಸಿದ್ಧ. ಒಲೆಯ ಮೇಲೆ ಟೀ ಸಿದ್ಧ. ನಡುವೆ ಬೆಳ್ಳಗೆ ಹೊಳೆಯುವ ನನ್ನ ಅಡ್ಡಗೀಟು. ಕಂಬದ ಮೇಲೆ ಗಾಳಿ ತುಂಬಿಕೊಂಡ ಬಟ್ಟೆ ಚೀಲ, ನೋಡಿದವರು ಅದು ಯಾರ ಪೈಜಾಮ ಎಂದು ವಿಚಾರಿಸುತ್ತಿದ್ದರು.

ಮೊದಲು ದುಂಬಿಯ ಹಾಗೆ ಸದ್ದು, ಆಮೇಲೆ ವಿಮಾನ. ಅದು ತಗ್ಗಿ ಬಂತು, ಬಯಲನ್ನು ಸುತ್ತು ಹಾಕಿತು. ನಾನು ಹಾರ ಹಿಡಿದು ಮುಂದೆ ನಿಂತೆ. ಅದು ಮತ್ತೂ ತಗ್ಗಿತು, ಒಳಗೆ ಕೂತವರ ಕನ್ನಡಕ ಕಾಣುವಷ್ಟು. ಜನ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಏನಾಯಿತೋ, ಗುರ್ರೆಂದು ಮೇಲಕ್ಕೆದ್ದು, ರೆಕ್ಕೆಗಳನ್ನು ಅತ್ತ ಇತ್ತ ಆಡಿಸಿ, ಬಂದ ದಾರಿ ಹಿಡಿದು ಹೊರಟೇ ಹೋಯಿತು.

ಜನ ಆಕಾಶ ನೋಡುತ್ತಾ ನಿಂತರು. ಕೊನೆಗೆ ನಾಯ್ಕರು ನನ್ನ ಕಡೆ ತಿರುಗಿ, "ರೆಕ್ಕೆ ಎತ್ತಿ ನಮಸ್ಕಾರ ಮಾಡಿದ ಮಾರಾಯ್ರೆ, ನಿಮ್ಮ ಉಪಸಮಿತಿಗೆ" ಎಂದರು. ಉಪಸಮಿತಿಯಲ್ಲಿ ತಾವೂ ಇದ್ದದ್ದು ಅವರಿಗೆ ಆ ಹೊತ್ತಿಗೆ ಮರೆತುಹೋಗಿತ್ತು. ಹಂಡೆಯಲ್ಲಿದ್ದ ಟೀಯನ್ನು ಎರಡು ತಾಲ್ಲೂಕಿನ ಜನ ಸೇರಿ ಕುಡಿದರು. ಬಹಳ ಚೆನ್ನಾಗಿತ್ತು, ಪಾಯಸದ ಹಾಗೆ.

ಮಾರನೆಯ ದಿನ ಮತ್ತೆ ಟ್ರಂಕ್ ಕಾಲ್. ಈ ಸಲ ಸಿಕ್ಕಿದ್ದು ರಾವ್ ಅಲ್ಲ, ಸಾಹುಕಾರರ ಕಚೇರಿಯ ಒಬ್ಬ ಗುಮಾಸ್ತ. ಮೈದಾನ ರೆಡಿ ಇರಲಿಲ್ಲವಂತೆ, ಮುಂದಿನ ವಾರ ಆ ಕಡೆ ಬಂದಾಗ ಇನ್ನೊಮ್ಮೆ ನೋಡುತ್ತಾರಂತೆ ಎಂದ. ನನಗೆ ಸಿಟ್ಟು ನೆತ್ತಿಗೇರಿತು. ಮೈದಾನ ರೆಡಿ ಇರಲಿಲ್ಲವೇ? ವರ್ತಕರ ಅಂಗೈಯ ಬೊಬ್ಬೆಗಳಿಗೆ ಏನು ಮರ್ಯಾದೆ? ಯೋಚಿಸಿದೆ. ಕಾರಣ ಒಂದೇ ಇರಬೇಕು. ನನ್ನ ಗುರುತು ಅವರಿಗೆ ಸರಿಯಾಗಿ ಕಂಡಿಲ್ಲ. ಗುಮಾಸ್ತನಿಗೆ ಹೇಳಿದೆ, ಈ ಸಲ ಕುರುಡನಿಗೂ ಕಾಣುವ ಹಾಗೆ ಮಾಡುತ್ತೇನೆ, ಚಿಂತೆ ಬೇಡ ಎಂದು.

ಸೋಲುವುದು ನಮ್ಮ ಮನೆತನದಲ್ಲಿ ಇಲ್ಲ. ಇಡೀ ವಾರ ಅಂಗಡಿಯ ಮುಖ ನೋಡಲಿಲ್ಲ. ಗೀಟುಗಳನ್ನು ಹಿಂದಿನದರ ಎರಡರಷ್ಟು ಉದ್ದ ಮಾಡಿದೆ, ಮೂರರಷ್ಟು ಅಗಲ ಮಾಡಿದೆ. ನನ್ನ ಲಾಂಗ್‌ಕ್ಲಾತು ಮುಗಿದ ಮೇಲೆ ನಾಯ್ಕರು ಕುಪ್ಪಗಡ್ಡೆಯಿಂದ ಪಂಚೆಗಳನ್ನು ಹೊರಿಸಿ ತಂದರು. ಅವರಿಗೂ ಛಲ ಹುಟ್ಟಿತ್ತು, ಸೊರಬದ ಪಾಲಿನ ಚಕ್ರ ಮುಟ್ಟದೆ ಬಿಡಬಾರದು ಎಂದು. ಮಲ್ಲೇಶಪ್ಪನವರು ಗಿರಣಿಯ ಆಳುಗಳಿಂದ ಅಂಚಿಗೆಲ್ಲ ಸುಣ್ಣ ಬಳಿಸಿದರು. ಇಷ್ಟಾದ ಮೇಲೆ ನೋಡಲು ಗಿರಿಜೆಯನ್ನು ಕರೆದುಕೊಂಡು ಹೋದೆ. ಆಕೆ ಬಯಲಿನ ಅಂಚಿನಲ್ಲಿ ನಿಂತು ಬಹಳ ಹೊತ್ತು ನೋಡಿದಳು.

"ರೀ, ಮೇಷ್ಟ್ರು ಸ್ಲೇಟಿನ ಮೇಲೆ ತಪ್ಪು ಲೆಕ್ಕಕ್ಕೆ ಹಾಕೋದೂ ಹೀಗೇ ಅಲ್ವಾ?"

"ಇದು ಸ್ಲೇಟಲ್ಲ. ವಿಮಾನ ನಿಲ್ದಾಣ."

"ಒಂದು ಸಲ ಅವರನ್ನೇ ಕೇಳಿಬಿಡಬಹುದಿತ್ತು."

ಕೇಳಿದರೆ ಸಂಘದ ಘನತೆ ಏನಾಗುತ್ತದೆ ಎಂದು ನಾನು ಕೇಳಿದೆ. ಆಕೆ ಸೆರಗು ಸರಿಮಾಡಿಕೊಂಡು ಮನೆಯ ಕಡೆ ಹೊರಟಳು.

ಎರಡನೆಯ ಸಲ ವಿಮಾನ ತಗ್ಗಲೇ ಇಲ್ಲ. ದೂರದಲ್ಲಿ ಕಂಡಿತು, ನಮ್ಮ ಕಡೆ ಮುಖ ಮಾಡಿತು, ಒಮ್ಮೆ ಬೆಚ್ಚಿದ ಹಾಗೆ ಆಗಿ ಪಕ್ಕಕ್ಕೆ ತಿರುಗಿತು. ನನಗೆ ತಡೆಯಲಾಗಲಿಲ್ಲ. ಹಾರ ಬಿಸಾಡಿ ಓಡಿದೆ. ಎರಡು ಗೀಟು ಕೂಡುವ ಜಾಗದಲ್ಲಿ ನಿಂತು, ಹೆಗಲ ಮೇಲಿನ ಶಲ್ಯ ತೆಗೆದು ಎರಡೂ ಕೈಯಲ್ಲಿ ಹಿಡಿದು ಬೀಸಿದೆ, ಕುಣಿದೆ, ಗಂಟಲು ಹರಿಯುವ ಹಾಗೆ ಕೂಗಿದೆ. ನಾನು ಕೂಗಿದಷ್ಟೂ ಅದು ಮೇಲೆ ಹೋಯಿತು. ಕೊನೆಗೆ ಹದ್ದಾಯಿತು, ನೊಣವಾಯಿತು, ಇಲ್ಲವಾಯಿತು. ಶಲ್ಯ ಹಿಡಿದುಕೊಂಡು ಬಟ್ಟೆಯ ನಡುವೆ ಕೂತುಬಿಟ್ಟೆ. ಈ ಸಲ ಯಾರೂ ಟೀ ಕುಡಿಯಲು ಬರಲಿಲ್ಲ. ಮಲ್ಲೇಶಪ್ಪನವರು ನನ್ನ ಹತ್ತಿರ ಬಂದು, ಏಳ್ರೀ ಚನ್ನಬಸಪ್ಪ, ಬಿಸಿಲಿದೆ ಎಂದಷ್ಟೇ ಹೇಳಿ ಕೈ ಹಿಡಿದು ಎಬ್ಬಿಸಿದರು. ಬೈದಿದ್ದರೆ ಚೆನ್ನಾಗಿತ್ತು.

ಆಮೇಲಿನ ಸಂತೆಯ ದಿನ. ಅಂಗಡಿಯಲ್ಲಿ ಗಿರಾಕಿಗಳ ಗದ್ದಲ. ಶಿವಮೊಗ್ಗದ ಬಸ್ಸು ಇಳಿದು ಬಂದ ಒಬ್ಬ ಯುವಕ, ಬಿಸಿಲಿಗೆ ಕಂದಿದ ಮುಖ, ಕೈಯಲ್ಲಿ ಸಿಹಿ ತಿಂಡಿಯ ಪೊಟ್ಟಣ, ಕಾರ್ಯದರ್ಶಿ ಚನ್ನಬಸಪ್ಪನವರು ಯಾರು ಎಂದು ಕೇಳಿಕೊಂಡು ಬಂದ. ನಾನೇ ಎಂದೆ. ಆತ ಚಪ್ಪಲಿ ಬಿಟ್ಟು ಮೇಲೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡ.

"ನಾನು ಪೈಲಟ್ ರಾವ್. ಮೊನ್ನೆ ಬಯಲಿನ ಮಧ್ಯ ನಿಂತು ಶಲ್ಯ ಬೀಸಿದವರು ಯಾರು ಸಾರ್? ಅವರಿಗೊಂದು ನಮಸ್ಕಾರ ಹೇಳಿ ಹೋಗೋಣ ಅಂತ ಬಂದೆ. ಅವರಿಂದ ನಮ್ಮ ಜೀವ ಉಳೀತು."

ಅದು ನಾನೇ ಎಂದು ಸಂಕೋಚದಿಂದ ಒಪ್ಪಿಕೊಂಡೆ. ಜೀವ ಉಳಿಸಿದ್ದು ಹೇಗೆ ಎಂಬುದು ಮಾತ್ರ ನನಗೆ ತಿಳಿಯಲಿಲ್ಲ. ರಾವ್ ಹೇಳುತ್ತಾ ಹೋದರು. ಮೊದಲ ಸಲ ಬಂದಾಗ ನೆಲದ ಮೇಲಿನ ಬಿಳೀ ಅಡ್ಡಗೀಟನ್ನು ಅವರು ಕೊನೇ ಗಳಿಗೆಯಲ್ಲಿ ನೋಡಿ ವಿಮಾನ ಎತ್ತಿದರಂತೆ. ಎರಡನೆಯ ಸಲವಂತೂ ನಾವು ಎಷ್ಟು ಜವಾಬ್ದಾರಿಯ ಜನವೆಂದರೆ, ಅದನ್ನು ದೂರದಿಂದಲೇ ಕಾಣುವಷ್ಟು ದೊಡ್ಡದು ಮಾಡಿ, ಸಾಲದ್ದಕ್ಕೆ ಒಬ್ಬರನ್ನು ನಡುವೆ ನಿಲ್ಲಿಸಿ ಎಚ್ಚರಿಸಿದೆವಂತೆ. ಇಷ್ಟು ಕಾಳಜಿ ಇರುವ ಸಂಘವನ್ನು ಅವರು ಎಲ್ಲೂ ನೋಡಿಲ್ಲವಂತೆ.

"ಅಂದಹಾಗೆ, ನೆಲಕ್ಕೆ ಏನಾಗಿತ್ತು ಸಾರ್? ಕುಸಿದಿತ್ತಾ?"

"ಏನೂ ಆಗಿರಲಿಲ್ಲ" ಎಂದೆ.

"ಮತ್ತೆ ಆ ಗುರುತು?"

"ಅದು... ಇಲ್ಲೇ ಇಳೀರಿ ಅಂತ."

ರಾವ್ ನನ್ನ ಮುಖ ನೋಡಿದರು. ಪೊಟ್ಟಣವನ್ನು ಮೆಲ್ಲಗೆ ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟರು. ಆಮೇಲೆ, ನೋಯಿಸಬಾರದು ಎಂಬ ಎಚ್ಚರದಿಂದ, ಜಗತ್ತಿನ ಎಲ್ಲ ಪೈಲಟ್ಟುಗಳಿಗೂ ಆ ಅಡ್ಡಗೀಟಿನ ಅರ್ಥ ಒಂದೇ ಎಂದು ತಿಳಿಸಿದರು: ಇಲ್ಲಿ ಅಪಾಯ, ಇಳಿಯಬೇಡಿ. ಫೋನಿನಲ್ಲಿ ಟೀ ಹಾಕಲು ಹೇಳಿದ್ದೆನಲ್ಲ ಎಂದರು. ಟೀ ಹಾಕಿದ್ದೆವು, ಹಂಡೆ ತುಂಬ ಎಂದೆ. ಆಗ ಅವರು ಅಂಗಡಿಯ ಅಳತೆ ಕೋಲು ತೆಗೆದುಕೊಂಡು ಹಾಸಿದ ಜಮಖಾನದ ಮೇಲೆ ನಿಧಾನವಾಗಿ ಒಂದು ಅಕ್ಷರ ಬರೆದು ತೋರಿಸಿದರು. ಇಂಗ್ಲಿಷಿನ ಟೀ. ಬಿಳೀ ಬಟ್ಟೆಯಲ್ಲಿ ಆ ಅಕ್ಷರ ಹಾಸಿದರೆ, ಯಾವ ಕಡೆಯಿಂದ ಬಂದು ಯಾವ ಕಡೆಗೆ ಮುಖ ಮಾಡಿ ಇಳಿಯಬೇಕೆಂದು ಪೈಲಟ್ಟಿಗೆ ತಿಳಿಯುತ್ತದೆ.

ಒಳಗಿನ ಬಾಗಿಲಲ್ಲಿ ಗಿರಿಜೆ ನಿಂತಿದ್ದಳು. ರಾವ್ ಅವರಿಗೆ ಒಂದು ಲೋಟ ತಂದುಕೊಟ್ಟು ಹೋದಳು. ಕಾಫಿ.

ಇದಿಷ್ಟೇ ಆಗಿದ್ದರೆ ನಗೆಯಲ್ಲಿ ಮುಗಿಯುತ್ತಿತ್ತು. ಹೊರಡುವ ಮುಂಚೆ ರಾವ್ ಇನ್ನೊಂದು ಮಾತು ಹೇಳಿದರು. ಎರಡನೆಯ ಸಲ ಇಲ್ಲಿಂದ ತಿರುಗಿ ಹೋದವರು ಬಯಲುಸೀಮೆಯ ಕಡೆ ಬೇರೊಂದು ಊರಿನಲ್ಲಿ ಇಳಿದಿದ್ದಾರೆ. ಅಲ್ಲಿನ ವರ್ತಕರು ಸಾಹುಕಾರರಿಗೆ ಊಟ ಹಾಕಿ, ಜಾಗ ತೋರಿಸಿ, ಅಂದೇ ಮಾತು ಮುಗಿಸಿದ್ದಾರೆ. ತೌಡಿನ ಕಾರ್ಖಾನೆ ಅಲ್ಲಿಗೆ ಗಟ್ಟಿಯಾಯಿತು. ಸಾಹುಕಾರರು ಕೆಲಸ ನೋಡಿಕೊಳ್ಳಲು ಅಲ್ಲೇ ಉಳಿದಿದ್ದಾರೆ, ರಾವ್ ಒಬ್ಬರೇ ವಿಮಾನವನ್ನು ಬೆಂಗಳೂರಿಗೆ ಒಯ್ಯುವವರು.

ಆ ಸಂತೆಯ ದಿನ ಎಷ್ಟು ಬಟ್ಟೆ ಹರಿದೆನೋ, ಯಾರಿಗೆ ಏನು ಕೊಟ್ಟೆನೋ ನೆನಪಿಲ್ಲ. ಮಲ್ಲೇಶಪ್ಪನವರ ಮುಖ ಕಣ್ಣ ಮುಂದೆ ಬರುತ್ತಿತ್ತು. ಆದರೆ ಅಂಗಡಿ ಮುಚ್ಚುವಷ್ಟರಲ್ಲಿ ಒಂದು ನಿಶ್ಚಯ ಮಾಡಿದ್ದೆ. ಕಾರ್ಖಾನೆ ಹೋದರೆ ಹೋಯಿತು, ನಮ್ಮ ಬಯಲಿನಲ್ಲಿ ವಿಮಾನ ಒಂದು ಸಲವಾದರೂ ಇಳಿಯಲೇಬೇಕು. ಇಳಿಯುವ ಜಾಗ ಇದೆ ಎಂದು ತೋರಿಸಿದರೆ ನಾಳೆ ಇನ್ನೊಬ್ಬ ಸಾಹುಕಾರ ಬಂದಾನು. ರಾವ್ ಅವರನ್ನು ಸಂಜೆಯ ಬಸ್ಸು ಹತ್ತಿಸುವಾಗ ಬೇಡಿಕೊಂಡೆ. ಅವರು ಒಳ್ಳೆಯವರು. ನಾಡಿದ್ದು ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಸ್ವಲ್ಪ ಸುತ್ತು ಹಾಕಿ ಬಂದು ಇಳಿಯುತ್ತೇನೆ, ಆದರೆ ದಯವಿಟ್ಟು ಟೀ ಮಾತ್ರ ಹಾಸಿ ಎಂದರು.

ಮರುದಿನ ಸಂಘದ ತುರ್ತು ಸಭೆ ಕರೆದು, ಎದ್ದು ನಿಂತು, ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಸಂತಾಪ ಸೂಚಿಸುವಾಗಲೂ ನಮ್ಮ ಸಂಘ ಅಷ್ಟು ಮೌನವಾಗಿ ಇದ್ದದ್ದಿಲ್ಲ. ನಾಯ್ಕರು ಮೊದಲು ಬಾಯಿ ಬಿಟ್ಟರು.

"ಹಂಗಾರೆ ನಾವೆಲ್ಲ ಕಲ್ಲು ಹೊತ್ತು, ಸುಣ್ಣ ಬಳಿದು, ಬರಬೇಡ ಮಾರಾಯ ಅಂತ ಬರೆದ್ವಿ ಅನ್ನಿ."

ಹೌದು ಎಂದೆ. ಮಲ್ಲೇಶಪ್ಪನವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ಒರೆಸಿದರು. ಅವರ ಹೊಟ್ಟೆ ಅಲುಗುತ್ತಿದ್ದದ್ದನ್ನು ನೋಡಿ ಅಳುತ್ತಿದ್ದಾರೆ ಎಂದುಕೊಂಡೆ. ನಗುತ್ತಿದ್ದರು. ಸ್ವಲ್ಪ ಹೊತ್ತಿಗೆ ಇಡೀ ಸಭೆ ನಗುತ್ತಿತ್ತು. ನಗು ನಿಂತ ಮೇಲೆ ಮಲ್ಲೇಶಪ್ಪನವರು, ಎಮ್ಮೆಗಳ ಅದೃಷ್ಟ ದೊಡ್ಡದು, ತೌಡು ತಪ್ಪಲಿಲ್ಲ ಎಂದರು. ಮೂರನೆಯ ಸಲಕ್ಕೆ ಒಪ್ಪಿಗೆ ಸಿಕ್ಕಿತು.

ಈ ಸಲ ವಾಲಗವಿಲ್ಲ, ಹಂಡೆಯಿಲ್ಲ, ಜನವೂ ಕಮ್ಮಿ. ವಿಮಾನ ಬರುವುದಿಲ್ಲ ಎಂದು ಎರಡು ತಾಲ್ಲೂಕಿಗೂ ಖಾತ್ರಿಯಾಗಿತ್ತು. ಬೆಳಿಗ್ಗೆ ಬಟ್ಟೆ ಹಾಸಿ, ಟೀಯ ತಲೆ ಯಾವ ಕಡೆ, ಕಾಲು ಯಾವ ಕಡೆ ಎಂದು ಚೀಲದ ಗಾಳಿ ನೋಡಿ ಮತ್ತೆ ಮತ್ತೆ ಸರಿಮಾಡಿದೆ. ಗಿರಿಜೆಯೂ ಬಂದಿದ್ದಳು, ಆದ ಮೇಲೆ ಬಟ್ಟೆಯನ್ನೆಲ್ಲ ಎಣಿಸಿ ಮಡಿಸಿಕೊಂಡು ಹೋಗಲು.

ವಿಮಾನ ಬಂತು. ಒಂದು ಸುತ್ತು ಹಾಕಿತು. ನಾನು ಉಸಿರು ಬಿಗಿಹಿಡಿದು, ಕೈ ಕಾಲು ಆಡಿಸದೆ, ಕಂಬದ ಪಕ್ಕ ಕಂಬದ ಹಾಗೆ ನಿಂತೆ. ಅದು ಬಗ್ಗಿತು, ಜಾರಿ ಬಂತು, ಚಕ್ರ ನೆಲ ಮುಟ್ಟಿ ಧೂಳೆದ್ದಿತು, ಕುಣಿಯುತ್ತಾ ಓಡಿ ಬಂದು ನಿಂತಿತು. ಗಾಳಿ ಅಂದು ಉಲ್ಟಾ ಬೀಸುತ್ತಿದ್ದುದರಿಂದ ಮುಟ್ಟಿದ್ದು ಶಿಕಾರಿಪುರದಲ್ಲಿ, ನಿಂತದ್ದು ಸೊರಬದಲ್ಲಿ. ಆ ಕ್ಷಣದಿಂದ ಮಲ್ಲೇಶಪ್ಪನವರು ಮುಟ್ಟಿದ್ದೇ ಲೆಕ್ಕ ಎಂದೂ, ನಾಯ್ಕರು ನಿಂತದ್ದೇ ಲೆಕ್ಕ ಎಂದೂ ವಾದಿಸತೊಡಗಿದರು. ನನ್ನ ಕಣ್ಣಲ್ಲಿ ನೀರು ಬಂತು. ಧೂಳಿನಿಂದ ಎಂದು ಎಲ್ಲರಿಗೂ ಹೇಳಿದೆ.

ರಾವ್ ಇಳಿದು ನನ್ನನ್ನು ಅಪ್ಪಿಕೊಂಡರು. ಚೀಲ ಬಹಳ ಚೆನ್ನಾಗಿ ಹೊಲಿಸಿದ್ದೀರಿ ಎಂದು ಹೊಗಳಿದರು. ನಂತರ, ಒಂದು ಸೀಟು ಖಾಲಿ ಇದೆ, ಸಂಘದ ಪರವಾಗಿ ಯಾರಾದರೂ ಒಬ್ಬರು ಬನ್ನಿ, ಎರಡೂ ತಾಲ್ಲೂಕು ತೋರಿಸಿ ತಂದು ಬಿಡುತ್ತೇನೆ ಎಂದರು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಪಂಚೆ ಎತ್ತಿ ಕಟ್ಟಿಕೊಂಡು ಮುಂದೆ ಬಂದೆ. ರಾವ್ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಬಯಲಿನ ಉದ್ದ ನೋಡಿ, ತಲೆ ಕೆರೆದುಕೊಂಡರು. ಬಿಸಿಲು ಏರಿದೆ, ನೆಲ ಸ್ವಲ್ಪ ಗಿಡ್ಡ, ಭಾರ ಹೆಚ್ಚಾದರೆ ಆ ತುದಿಯ ಮರ ದಾಟುವುದು ಕಷ್ಟ ಎಂದರು. ಯಾರಾದರೂ ಹಗುರವಾದವರು?

ವರ್ತಕರ ಸಂಘದಲ್ಲಿ ಹಗುರವಾದವರು ಇರಲಿಲ್ಲ. ಇದ್ದವರಲ್ಲಿ ನಾನೇ ಸಪೂರ! ನಾಯ್ಕರು ಹೊಟ್ಟೆ ಒಳಗೆ ಎಳೆದುಕೊಂಡು ನೋಡಿದರು, ಉಸಿರು ಬಿಡಬೇಕಾಗಿ ಬಂದಾಗ ಹಿಂದೆ ಸರಿದರು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ಹಿಂದಿನಿಂದ ಒಂದು ದನಿ ಬಂತು.

"ನಾನು ಹೋಗಿ ಬರ್ತೀನಿ."

ಗಿರಿಜೆ. ಕೈಯಲ್ಲಿದ್ದ ಬಟ್ಟೆಯ ಮಡಿಕೆಯನ್ನು ನನ್ನ ಕೈಗೆ ಕೊಟ್ಟಳು. ನಾನು ಆಕೆಯ ಕಿವಿಯಲ್ಲಿ, ಶಿವಮೊಗ್ಗದ ಬಸ್ಸಿನಲ್ಲೇ ನಿನಗೆ ವಾಂತಿ ಬರುತ್ತದೆ ಎಂದು ನೆನಪಿಸಿದೆ. ಬಸ್ಸು ಬೇರೆ ಎಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ರೆಕ್ಕೆಯ ಪಕ್ಕದ ಮೆಟ್ಟಿಲಿಗೆ ಒಂದು ನಮಸ್ಕಾರ ಹಾಕಿ, ಹತ್ತಿ ಕೂತಳು. ಸಂಘದ ಪರವಾಗಿ!

ವಿಮಾನ ಓಡಿತು. ಮರದ ತುದಿ ದಾಟಿತೋ ಇಲ್ಲವೋ ನೋಡಲಾಗದೆ ಕಣ್ಣು ಮುಚ್ಚಿದೆ. ತೆರೆದಾಗ ಅದು ಸೊರಬದ ಕಡೆಗೆ ಹೋಗುತ್ತಿತ್ತು. ಇಷ್ಟು ದಿನ ವಿಮಾನ ಇಳಿಯಲಿ ಎಂದು ಎಷ್ಟೋ ಒದ್ದಾಡಿದ್ದೆ. ಆದರೆ ಇಳಿಯಲಿ ಎಂದು ನಿಜವಾಗಿ ಬೇಡಿಕೊಂಡದ್ದು ಆಗಲೇ. ನೆಲದ ಮೇಲೆ ಮಂಡಿಯೂರಿ ಟೀಯ ಅಂಚುಗಳ ಸುಕ್ಕು ಬಿಡಿಸಿದೆ, ಕಲ್ಲು ಇಟ್ಟೆ, ಗಾಳಿಗೆ ಒಂದು ಮೂಲೆ ಎದ್ದಾಗ ಅದರ ಮೇಲೆ ನಾನೇ ಕೂತೆ. ಮಲ್ಲೇಶಪ್ಪನವರೂ ಬಂದು ಇನ್ನೊಂದು ಮೂಲೆಯ ಮೇಲೆ ಕೂತರು. ಏನೂ ಆಗಲ್ಲ ಬಿಡ್ರೀ, ಅಂದರು. ಅವರ ದನಿಯೂ ಗಟ್ಟಿಯಾಗಿರಲಿಲ್ಲ.

ಕೊನೆಗೂ ಸದ್ದು ಹತ್ತಿರ ಬಂತು. ವಿಮಾನ ಇಳಿಯಿತು. ಗಿರಿಜೆ ತಲೆಗೂದಲು ಸರಿಮಾಡಿಕೊಳ್ಳುತ್ತಾ ಕೆಳಗೆ ಬಂದಳು. ಮುಖದಲ್ಲಿ ನಾನು ಮದುವೆಯಾದಂದಿನಿಂದ ನೋಡದ ಒಂದು ಕಳೆ. ಎರಡೂ ತಾಲ್ಲೂಕಿನ ವರ್ತಕರು ಸುತ್ತ ನಿಂತು ಹೇಗಿತ್ತಮ್ಮಾ ಎಂದು ಕೇಳಿದರು. ಗದ್ದೆಗಳೆಲ್ಲ ಚೌಕಳಿ ಸೀರೆ ಹರವಿದ ಹಾಗಿವೆ, ಕೆರೆಗಳು ಕನ್ನಡಿ ಬಿಲ್ಲೆ, ಕುಬಟೂರಿನ ಗುಡಿ ಬೆಂಕಿಪೊಟ್ಟಣ ಎಂದಳು. ನಾನು ಹತ್ತಿರ ಹೋಗಿ, ನಮ್ಮ ಅಂಗಡಿ ಕಾಣಿಸಿತೇ ಎಂದು ಕೇಳಿದೆ.

"ಕಾಣಿಸ್ತು. ಹಿಂದಿನ ಕಡೆ ಹಂಚು ಒಡೆದಿದೆ. ಮಳೆಗಾಲಕ್ಕೆ ಮುಂಚೆ ಕೈಯಾಡಿಸಬೇಕು."

ಇಷ್ಟೇ ನೋಡಿ, ಶಿರಾಳಕೊಪ್ಪದ ವಿಮಾನ ಚರಿತ್ರೆ. ಆಮೇಲೆ ಯಾವ ಸಾಹುಕಾರನೂ ಬರಲಿಲ್ಲ. ಬಯಲಿಗೆ ದನಗಳು ಮರಳಿ ಬಂದವು. ನಾನು ಮತ್ತೆ ಹಲವು ವರ್ಷ ಸಂಘದ ಕಾರ್ಯದರ್ಶಿಯಾಗಿದ್ದೆ, ಹೊಸ ಬಸ್ಸು ತರಿಸಿದೆ, ಕೆಲವರು ಅದನ್ನು ಒಪ್ಪಿಕೊಳ್ಳುತ್ತಾರೆ ಕೂಡ. ಗಿರಿಜೆಯನ್ನು ಮಾತ್ರ ಸೊರಬದ ಮಹಿಳಾ ಸಮಾಜದವರು ಭಾಷಣಕ್ಕೆ ಕರೆದರು, ಶಿಕಾರಿಪುರದ ಶಾಲೆಯವರು ಬಹುಮಾನ ಹಂಚಲು ಕರೆದರು.

ಅದೇ ಹೊಸ ಬಸ್ಸಿನಲ್ಲಿ ಒಮ್ಮೆ ಸೊರಬಕ್ಕೆ ಹೋಗುತ್ತಿದ್ದೆ. ಕಾಲಿಡಲು ಜಾಗವಿಲ್ಲ. ಮೂಲೆಯಲ್ಲಿ ಕೂತಿದ್ದ ಒಬ್ಬ ಹಿರಿಯರು ನನ್ನನ್ನು ನೋಡಿ ಗೌರವದಿಂದ ಎದ್ದು ಸೀಟು ಬಿಟ್ಟುಕೊಟ್ಟರು. ಸಂಘಕ್ಕಾಗಿ ದುಡಿದದ್ದು ವ್ಯರ್ಥವಾಗಲಿಲ್ಲ ಎಂದು ಎದೆಯುಬ್ಬಿತು. ಪಕ್ಕದವನು 'ಯಾರ್ರೀ ಇವರು' ಎಂದು ಅವರನ್ನು ಕೇಳಿದ.

"ವಿಮಾನದ ಗಿರಿಜಮ್ಮನವರು ಇಲ್ವೇನ್ರೀ, ಅವರ ಮನೆಯವರು."

ಸೀಟು ಸಿಕ್ಕಿತಲ್ಲ, ಕೂತೆ.